ಪೋಯೆಮ್-3ರ ಇಂಧನ ಕೋಶ: ವಿದ್ಯುತ್ತು ಮತ್ತು ನೀರಿನ ಲೆಕ್ಕ

1. ಪ್ರಯೋಗ

2024ರ ಜನವರಿ 1ರಂದು ಶ್ರೀಹರಿಕೋಟಾದಿಂದ ಹಾರಿದ ಪಿಎಸ್‌ಎಲ್‌ವಿ-ಸಿ58ರ ಮುಖ್ಯ ಉಪಗ್ರಹ ಎಕ್ಸ್‌ಪೋಸ್ಯಾಟ್. ಉಪಗ್ರಹವನ್ನು ಸುಮಾರು 650 ಕಿ.ಮೀ. ಎತ್ತರದಲ್ಲಿ ಬಿಟ್ಟ ಮೇಲೆ ರಾಕೆಟ್ಟಿನ ನಾಲ್ಕನೆಯ ಹಂತವನ್ನು 350 ಕಿ.ಮೀ.ಗೆ ಇಳಿಸಿ, ಪೋಯೆಮ್-3 ಎಂಬ ಪ್ರಯೋಗ ವೇದಿಕೆಯಾಗಿ ಬಳಸಲಾಯಿತು. ತಿರುವನಂತಪುರದ ವಿಕ್ರಮ್ ಸಾರಾಭಾಯ್ ಕೇಂದ್ರದ ಪಾಲಿಮರ್ ಪೊರೆಯ ಇಂಧನ ಕೋಶ ಇದರಲ್ಲಿತ್ತು.

2. 100 ವ್ಯಾಟ್, 180 ವ್ಯಾಟ್

ಇಸ್ರೋ ಪ್ರಕಟಣೆ ಇದನ್ನು ‘100 ವ್ಯಾಟ್ ದರ್ಜೆ’ಯ ವ್ಯವಸ್ಥೆ ಎನ್ನುತ್ತದೆ, ಅಲ್ಪಾವಧಿ ಪರೀಕ್ಷೆಯಲ್ಲಿ 180 ವ್ಯಾಟ್ ಉತ್ಪಾದನೆಯಾಯಿತೆಂದೂ ಹೇಳುತ್ತದೆ. ಇದನ್ನು ವಿರೋಧಾಭಾಸವೆಂದು ಓದಬೇಕಿಲ್ಲ. ಮೊದಲನೆಯದು ವಿನ್ಯಾಸದ ವರ್ಗ, ಎರಡನೆಯದು ಬಹುಶಃ ಆ ಪರೀಕ್ಷೆಯಲ್ಲಿ ಅಳೆದ ಸಾಮರ್ಥ್ಯ. ಒಂದರ ಜಾಗದಲ್ಲಿ ಇನ್ನೊಂದನ್ನು ಉಲ್ಲೇಖಿಸುವುದು ಮಾತ್ರ ತಪ್ಪು.

3. ನೀರು

ಇಂಧನ ಕೋಶದಲ್ಲಿ ಒಂದು ಮೋಲ್ ಜಲಜನಕ ಆಮ್ಲಜನಕದೊಡನೆ ಸೇರಿ, ಎರಡು ಫ್ಯಾರಡೆ ವಿದ್ಯುದಾವೇಶ ಕೊಟ್ಟು 18 ಗ್ರಾಂ ನೀರಾಗುತ್ತದೆ. ಕೋಶದ ವೋಲ್ಟೇಜು 0.7ರಿಂದ 0.8 ವೋಲ್ಟ್ ಎಂದು ಊಹಿಸಿದರೆ, ಒಂದು ಕಿಲೋವ್ಯಾಟ್-ಗಂಟೆಗೆ ಸುಮಾರು 420ರಿಂದ 480 ಗ್ರಾಂ ನೀರು. 180 ವ್ಯಾಟ್ ಒಂದು ಗಂಟೆ ನಡೆದರೆ 76ರಿಂದ 86 ಗ್ರಾಂ. ಇದು ನನ್ನ ಗಣನೆ, ಇಸ್ರೋ ಅಳತೆಯಲ್ಲ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಒಬ್ಬರ ದಿನದ ನೀರಿನ ಅಗತ್ಯ ಸುಮಾರು 3.8 ಲೀಟರ್. ಮೂವರಿಗೆ 11.4 ಲೀಟರ್. ಇಷ್ಟು ನೀರು ಕೋಶದಿಂದಲೇ ಬರಬೇಕಾದರೆ ಎಡೆಬಿಡದೆ 1ರಿಂದ 1.1 ಕಿಲೋವ್ಯಾಟ್ ಉತ್ಪಾದಿಸುತ್ತಿರಬೇಕು.

ನೀರು ಬಂದಮಾತ್ರಕ್ಕೆ ಕುಡಿಯಲು ಬರುತ್ತದೆಂದಲ್ಲ. 1965ರ ಆಗಸ್ಟ್‌ನಲ್ಲಿ ಜೆಮಿನಿ-5 ನೌಕೆ ಮೊದಲ ಬಾರಿಗೆ ಇಂಧನ ಕೋಶ ಹೊತ್ತೊಯ್ದಿತು. ಅದರದ್ದೂ ಪಾಲಿಮರ್ ಪೊರೆಯ ಕೋಶವೇ. ಅದರ ನೀರು ಕುಡಿಯಲು ಯೋಗ್ಯವಾಗಿರಲಿಲ್ಲ. ಅಪೊಲೊದ ಕ್ಷಾರೀಯ ಕೋಶಗಳ ನೀರನ್ನು ಯಾತ್ರಿಗಳು ಕುಡಿದರು.

4. ‘ಶೇ. 98’ರ ವ್ಯಾಪ್ತಿ

ಇಂಧನ ಕೋಶವನ್ನು ತ್ಯಾಜ್ಯ ಮರುಬಳಕೆಯ ಸಾಲಿಗೆ ಸೇರಿಸುವುದು ಸರಿಯೆನಿಸದು. ಹೊತ್ತೊಯ್ದ ಅನಿಲವನ್ನು ಅದು ಖರ್ಚು ಮಾಡುತ್ತದೆ. ನಿಲ್ದಾಣದ ವಿದ್ಯುತ್ತು ಸೌರಫಲಕಗಳದು. ಅಲ್ಲಿ ಮೂತ್ರವನ್ನು ಭಟ್ಟಿಯಿಳಿಸಿ, ಉಳಿದ ಉಪ್ಪುದ್ರವವನ್ನು ಪೊರೆಚೀಲದಲ್ಲಿಟ್ಟು ಬೆಚ್ಚಗಿನ ಒಣಗಾಳಿ ಹಾಯಿಸಿ ಆವಿ ಹಿಡಿಯುತ್ತಾರೆ. ಈ ಎರಡನೆಯ ಹೆಜ್ಜೆ ಸೇರಿದ ಮೇಲೆ ಶೇ. 93–94ರಷ್ಟಿದ್ದ ಮರುಪಡೆಯುವಿಕೆ ಶೇ. 98 ಮುಟ್ಟಿತೆಂದು ನಾಸಾ 2023ರ ಜೂನ್‌ನಲ್ಲಿ ತಿಳಿಸಿತು. ಈ ಅಂಕಿ ನೀರಿಗೆ ಮಾತ್ರ. ಘನತ್ಯಾಜ್ಯದ ಬಹುಪಾಲು ಸರಕುನೌಕೆಗಳಲ್ಲಿ ತುಂಬಿ ವಾತಾವರಣದಲ್ಲಿ ಉರಿದುಹೋಗುತ್ತದೆ. ಇಂಗಾಲದ ಡೈಆಕ್ಸೈಡನ್ನು ಸಬಾಟಿಯೇ ಕ್ರಿಯೆಯಿಂದ ನೀರಾಗಿಸಿದಾಗಲೂ ಮೀಥೇನನ್ನು ಹೊರಗೆ ಬಿಡಲಾಗಿದೆ.

5. ಗಗನಯಾನ

ಭಾರತದ ಮಾನವಸಹಿತ ಯಾನವಾದ ಗಗನಯಾನದ ಘೋಷಿತ ಗುರಿ ಮೂವರು, ಮೂರು ದಿನ, 400 ಕಿ.ಮೀ. ಎತ್ತರ. ಒಬ್ಬರಿಗೆ ದಿನಕ್ಕೆ 3.8 ಲೀಟರಿನಂತೆ ಒಟ್ಟು ಸುಮಾರು 34 ಲೀಟರ್ ನೀರು. ಇಷ್ಟಕ್ಕೆ ಮರುಬಳಕೆ ಯಂತ್ರ ಒಯ್ಯುವುದಕ್ಕಿಂತ ನೀರನ್ನೇ ಒಯ್ಯುವುದು ಹಗುರವೆಂದು ತೋರುತ್ತದೆ. ಇಂಧನ ಕೋಶದ ನೀರು ಲೆಕ್ಕಕ್ಕೆ ಬರುವುದು ಇದಕ್ಕಿಂತ ದೀರ್ಘ ಯಾನಗಳಲ್ಲಿ. ಆದ್ದರಿಂದ ಮುಂದಿನ ಪರೀಕ್ಷೆಗಳ ಪ್ರಕಟಣೆಯಲ್ಲಿ ವ್ಯಾಟ್ ಜೊತೆಗೆ ಅವಧಿ, ದೊರೆತ ನೀರಿನ ತೂಕ ಮತ್ತು ಶುದ್ಧತೆಯನ್ನೂ ನಮೂದಿಸಬೇಕೆಂದು ಕೋರಿಕೆ.