ದಾದಿಯೂ ಅವಳ ಶಿಶುವೂ

ಕನ್ನಡದ ‘ದಾದಿ’ಯು ಸಂಸ್ಕೃತದ ‘ಧಾತ್ರೀ’ ಶಬ್ದದ ತದ್ಭವವೆಂಬುದು ವಿದ್ವಾಂಸರಿಗೆ ವಿದಿತವಾದುದೇ. ಪಾಣಿನಿಯು ಈ ರೂಪಕ್ಕಾಗಿಯೇ ಒಂದು ಸೂತ್ರವನ್ನು (೩-೨-೧೮೧) ರಚಿಸಿ, ಪ್ರತ್ಯಯವನ್ನು ಕರ್ಮಾರ್ಥದಲ್ಲಿ ವಿಧಿಸಿದ್ದಾನೆ. ಮಕ್ಕಳು ಯಾರ ಮೊಲೆಯನ್ನು ಉಣ್ಣುವರೋ ಅವಳು ಧಾತ್ರಿ. ವ್ಯಾಕರಣದಲ್ಲಿ ಅವಳು ಕರ್ತೃವಲ್ಲ, ಕರ್ಮ. ನಿಘಂಟುಕಾರರಾದರೋ ಹೆತ್ತ ತಾಯಿ, ಭೂಮಿ, ನೆಲ್ಲಿ, ಉಪಮಾತೆ ಎಂಬ ನಾಲ್ಕು ಅರ್ಥಗಳನ್ನೂ ಈ ಒಂದೇ ಶಬ್ದಕ್ಕೆ ಕೊಟ್ಟಿದ್ದಾರೆ. ಹೆತ್ತವಳಿಗೂ ಸಾಕುವವಳಿಗೂ ಹೆಸರು ಒಂದೇ ಆದರೂ ಸ್ಥಿತಿಯೂ ಒಂದೇ ಆಗಿದ್ದಿತೇ ಎಂಬುದು ವಿಚಾರಣೀಯ.

ಸಿರಿವಂತರ ಮನೆಗಳಲ್ಲಿ ಕೆಲಸಕ್ಕೊಬ್ಬರಂತೆ ದಾದಿಯರನ್ನಿಡುವುದು ಮರ್ಯಾದೆಯ ಲಕ್ಷಣವಾಗಿದ್ದಿತು. ದಿವ್ಯಾವದಾನದ ಮೊದಲನೆಯ ಕಥೆಯಲ್ಲಿ ವರ್ತಕಪುತ್ರನಾದ ಶ್ರೋಣ ಕೋಟಿಕರ್ಣನನ್ನು ಎಂಟು ಮಂದಿಯ ವಶಕ್ಕೆ ಒಪ್ಪಿಸುತ್ತಾರೆ: ಎತ್ತಿಕೊಳ್ಳಲು ಇಬ್ಬರು, ಹಾಲೂಡಲು ಇಬ್ಬರು, ಮಲಶುದ್ಧಿಗೆ ಇಬ್ಬರು, ಆಡಿಸಲು ಇಬ್ಬರು. ಧನಿಕರ ಮಗು ಹುಟ್ಟಿದ ಬೇರೆ ಸಂದರ್ಭಗಳಲ್ಲಿಯೂ ಇದೇ ಮಾತು ಆ ಗ್ರಂಥದಲ್ಲಿ ಅಚ್ಚುಹಾಕಿದಂತೆ ಮರಳಿ ಬರುತ್ತದೆ. ರಾಷ್ಟ್ರಕೂಟ ಅಮೋಘವರ್ಷನು ಗುರುವೆಂದು ಗೌರವಿಸಿದ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಶಿಶು ವೃಷಭನಿಗೆ ಸ್ನಾನ, ಅಲಂಕಾರ, ಸ್ತನ್ಯ, ಸಂಸ್ಕಾರ, ಕ್ರೀಡೆ ಎಂಬ ಐದು ಕಾರ್ಯಗಳಿಗೆ ಇಂದ್ರನು ದೇವಿಯರನ್ನೇ ಧಾತ್ರಿಯರನ್ನಾಗಿ ನೇಮಿಸುತ್ತಾನೆ. ದೇವಲೋಕದ ಹೆಸರಿನಲ್ಲಿ ಕಾಣುವುದು ಅರಮನೆಯ ವ್ಯವಸ್ಥೆಯೇ ಸರಿ. ಇಂಥ ಮನೆಗಳಲ್ಲಿ ದಾದಿಯೇ ಮೊದಲ ಉಪಾಧ್ಯಾಯಿನಿ. ರಘುವಂಶದ ಮೂರನೆಯ ಸರ್ಗದಲ್ಲಿ ಬಾಲಕ ರಘುವು ಧಾತ್ರಿ ಹೇಳಿಕೊಟ್ಟ ಮಾತನ್ನು ನುಡಿಯುತ್ತಾನೆ, ಅವಳ ಬೆರಳು ಹಿಡಿದು ನಡೆಯುತ್ತಾನೆ, ಬಾಗಿ ನಮಸ್ಕರಿಸುವುದನ್ನು ಕಲಿಯುತ್ತಾನೆ. ಸಂತೋಷವು ದಿಲೀಪನದು, ಧಾತ್ರಿಯ ಹೆಸರನ್ನು ಕವಿಯು ಅಲ್ಲಿ ಹೇಳಲಿಲ್ಲ.

ಅವಳ ಬದುಕು ಕಾವ್ಯಗಳಿಗಿಂತ ವೈದ್ಯಗ್ರಂಥಗಳಲ್ಲಿಯೇ ಹೆಚ್ಚು ಗೋಚರಿಸುತ್ತದೆ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಧಾತ್ರಿಯ ಲಕ್ಷಣಗಳ ದೀರ್ಘವಾದ ಪಟ್ಟಿಯಿದೆ. ಸಮಾನವರ್ಣದವಳು, ತರುಣಿ, ನಿರೋಗಿ, ವತ್ಸಲೆ, ಎಚ್ಚರವುಳ್ಳವಳು ಎಂಬಿವು ನಿರೀಕ್ಷಿತವಾದುವೇ. ಅವುಗಳ ನಡುವೆ ‘ಜೀವದ್ವತ್ಸಾ’, ‘ಪುಂವತ್ಸಾ’ ಎಂಬ ಎರಡು ವಿಶೇಷಣಗಳಿವೆ: ಅವಳ ಸ್ವಂತ ಮಗು ಬದುಕಿರಬೇಕು, ಅದು ಗಂಡಾಗಿರಬೇಕು. ಮಕ್ಕಳು ಉಳಿಯದವಳ ಹಾಲನ್ನು ವೈದ್ಯನು ನಂಬನೆಂಬುದು ಇದರ ಭಾವವಿರಬಹುದು. ಆದರೆ ಬದುಕಿರುವ ಆ ಮಗು ಎಲ್ಲಿ, ಯಾರ ಹಾಲನ್ನುಂಡು ಬೆಳೆಯುತ್ತಿದ್ದಿತು? ಆಚಾರ್ಯನು ಅದನ್ನು ಕೇಳುವುದೇ ಇಲ್ಲ. ಸುಶ್ರುತನು ಕೋಪ, ಶೋಕ, ವಾತ್ಸಲ್ಯಾಭಾವಗಳಿಂದ ಸ್ತನ್ಯವು ನಾಶವಾಗುವುದೆಂದೂ, ಹಸಿದವಳು, ಶೋಕಾರ್ತೆ, ಬಳಲಿದವಳು ಹಾಲೂಡಕೂಡದೆಂದೂ ಹೇಳುತ್ತಾನೆ. ದಾದಿಯ ದುಃಖವು ಅವನ ಲಕ್ಷ್ಯಕ್ಕೆ ಬಂದುದು ಹಾಲಿನ ದೋಷವಾಗಿ. ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ, ತಾಯಿಯ ಹಾಲೇ ಶ್ರೇಷ್ಠವೆಂದು ಹೇಳಿ, ಅದು ದೊರೆಯದಿದ್ದರೆ ಇಬ್ಬರು ಧಾತ್ರಿಯರನ್ನು ವಿಧಿಸಿ, ಅವರು ಬ್ರಹ್ಮಚರ್ಯದಲ್ಲಿರಬೇಕೆನ್ನುತ್ತಾನೆ. ಅವರೂ ಜೀವದ್ವತ್ಸೆಯರೇ ಆಗಿರಬೇಕು. ಸಿರಿವಂತರ ಶಿಶುವಿಗಾಗಿ ಕೂಸನ್ನೂ ಗಂಡನನ್ನೂ ದೂರವಿಟ್ಟವರು ಇವರು.

ಕೂಲಿಗೆ ಬಂದವರಲ್ಲದೆ ಒತ್ತೆಯಾಗಿ ಬಂದವರೂ ಇದ್ದರು. ಅರ್ಥಶಾಸ್ತ್ರದ ದಾಸಪ್ರಕರಣದಲ್ಲಿ (೩-೧೩), ಒತ್ತೆಯಿಟ್ಟ ಧಾತ್ರಿಯನ್ನು ಅವಳ ಇಚ್ಛೆಗೆ ವಿರುದ್ಧವಾಗಿ ಕೂಡಿದವನಿಗೆ, ಅವಳು ತನ್ನ ವಶದಲ್ಲಿದ್ದರೆ ಪೂರ್ವಸಾಹಸದಂಡವೂ ಪರರ ವಶದಲ್ಲಿದ್ದರೆ ಮಧ್ಯಮಸಾಹಸದಂಡವೂ ವಿಹಿತವಾಗಿವೆ. ಇಟ್ಟುಕೊಂಡ ಯಜಮಾನನಿಗೇ ದಂಡ ಕಡಮೆ!

ದಾದಿಯ ಸ್ವಂತ ಮಗುವು ಕಣ್ಣಿಗೆ ಬೀಳುವುದು ಬಹುಕಾಲದ ಮೇಲೆ, ಮೇವಾಡದಲ್ಲಿ. ಕ್ರಿ.ಶ. ೧೫೩೬ರಲ್ಲಿ ಬನಬೀರನು ರಾಣಾ ವಿಕ್ರಮಾದಿತ್ಯನನ್ನು ಕೊಂದು ರಾಜಕುಮಾರ ಉದಯಸಿಂಹನನ್ನೂ ಕೊಲ್ಲಲು ಬಂದಾಗ, ಪನ್ನಾ ಎಂಬ ದಾದಿಯು ಕುಮಾರನನ್ನು ಹಣ್ಣಿನ ಬುಟ್ಟಿಯಲ್ಲಿ ಚಿತ್ತೋಡದಿಂದ ಸಾಗಿಸಿ, ಅವನ ಹಾಸಿಗೆಯಲ್ಲಿ ತನ್ನ ಮಗನನ್ನು ಮಲಗಿಸಿದಳೆಂದು ಪರಂಪರೆ. ಟಾಡನು ೧೮೨೯ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ಉದಯಸಿಂಹನು ೧೫೨೨ರಲ್ಲಿ ಹುಟ್ಟಿದನೆಂಬ ಗಣನೆ ಸರಿಯಾದರೆ ಅವನಿಗೆ ಆಗ ೧೩-೧೪ ವರ್ಷ. ಬುಟ್ಟಿಯ ಸಂಗತಿಯು ಆ ವಯಸ್ಸಿಗೆ ಹೊಂದುವುದಿಲ್ಲ. ಅದೇನೇ ಇರಲಿ, ಸತ್ತ ಮಗನ ಹೆಸರು ಚಂದನನೆಂದು ಅಲ್ಲಿಯ ಜನರು ಇಂದಿಗೂ ಹೇಳುತ್ತಾರೆ. ಮೇಲೆ ಕಂಡ ವೈದ್ಯ, ಕಾವ್ಯ, ನೀತಿಸ್ಥಳಗಳಲ್ಲಿ ಎಲ್ಲಿಯೂ ದಾದಿಯ ಮಗುವಿಗೆ ಹೆಸರಿಲ್ಲ.