ಧಾರವಾಡ ಅಂದ್ರೆ ಬೈಗುಳ!

ನಮ್ಮ ಮಂಗಸೂಳಿಯಲ್ಲಿ 'ನಿನ್ನ ಧಾರವಾಡಕ್ಕ ಕಳಸಬೇಕು' ಅಂದ್ರೆ ಪೇಢಾ ತಿನ್ನೋಕಲ್ಲ ಮಾರಾಯ್ರೇ! 1845ರಲ್ಲಿ, ಬ್ರಿಟಿಷರ ಕಾಲದಲ್ಲಿ, ಅಲ್ಲಿ ಶುರುವಾದ ಹುಚ್ಚಾಸ್ಪತ್ರೆಯ ಹೆಸರು ಇಡೀ ಊರಿಗೇ ಅಂಟಿಕೊಂಡಿತು. 1912ರ ಕಾಯ್ದೆಯಂತೂ ರೋಗಿಯನ್ನು 'ಲುನಾಟಿಕ್' ಎಂದೇ ಕರೆಯಿತು. ಆ ಪದ ಹೋಗೋಕೆ 1987ರ ಕಾಯ್ದೆ ಬರಬೇಕಾಯ್ತು. ಆಸ್ಪತ್ರೆ ಈಗ ಡಿಮ್ಹಾನ್ಸ್. ಬೈಗುಳ ಮಾತ್ರ ಹಾಗೇ ಇದೆ...

ನಮ್ಮ ಸೋದರಮಾವನಿಗೆ ಸ್ಕಿಜೋಫ್ರೇನಿಯಾ. ಧಾರವಾಡದ ಬಸ್ಸು ಹತ್ತೋದನ್ನ ಯಾರಾದ್ರೂ ನೋಡಿದ್ರೆ ಅಂತ ಅಜ್ಜಿ ವರ್ಷಗಟ್ಟಲೆ ಕಳಿಸಲೇ ಇಲ್ಲ. 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಶುರುವಾಯ್ತು: 14416, ಪುಕ್ಕಟೆ, ಕನ್ನಡದಲ್ಲೇ ಮಾತು. ಫೋನು ಮಾಡೋಕೆ ಬಸ್‌ಸ್ಟ್ಯಾಂಡಿಗೆ ಹೋಗಬೇಕಿಲ್ಲ ನೋಡಿ! (ಫೋನೊಂದರಿಂದಲೇ ವಾಸಿಯಾಗಲ್ಲ, ಮಾತ್ರೆ ಬೇಕೇ ಬೇಕು.)

ನಂಬರ್ ಒತ್ತಿಕೊಟ್ಟೆ. ಮಾಮಾ ಬಾಗಿಲು ಹಾಕಿಕೊಂಡು ತಾನೇ ಮಾತಾಡಿದ. ಹೊರಗೆ ಬಂದವನೇ ಅಜ್ಜಿಯ ಮುಂದೆಯೇ ಕೇಳಿದ: "ಧಾರವಾಡಕ್ಕ ಬಸ್ಸು ಎಷ್ಟೊತ್ತಿಗೈತಿ?"