ಆ ಚಂದ್ರಶೇಖರ್ ಬೇರೆ, ಈ ಚಂದ್ರಶೇಖರ್ ಬೇರೆ

ಇವತ್ತಿನ ಎಪಿಸೋಡ್ ಶುರು ಮಾಡೋಕೆ ಮುಂಚೆ ಒಂದು ತಪ್ಪೊಪ್ಪಿಗೆ. ನಿಜ ಹೇಳಬೇಕಂದ್ರೆ, ಇಡೀ ಎಪಿಸೋಡೇ ಒಂದು ತಪ್ಪೊಪ್ಪಿಗೆ.

ವಿಜ್ಞಾನ ದಿನದ ಎಪಿಸೋಡ್ ನೆನಪಿದ್ಯಾ? ಅದರಲ್ಲಿ ನಾನು ಭಾರಿ ಜೋಶಲ್ಲಿ ಒಂದು ಮಾತು ಹೇಳಿದ್ದೆ. "ನೊಬೆಲ್ ಗೆದ್ದ ಎಸ್. ಚಂದ್ರಶೇಖರ್ ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು" ಅಂತ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ನಿಮ್ಮಲ್ಲಿ ಸುಮಾರು ಜನ ಹಾರ್ಟ್ ಕೂಡ ಒತ್ತಿದ್ರಿ.

ಮೂರು ದಿನ ಆದಮೇಲೆ ಒಂದು ವಾಯ್ಸ್ ಮೆಸೇಜ್ ಬಂತು. ವಯಸ್ಸಾದವರ ದನಿ, ನಿಧಾನವಾದ ಮಾತು. ಹೆಸರು ಹೇಳೋದು ಬೇಡ ಅಂದಿದ್ದಾರೆ, ಹಾಗಾಗಿ ನಾನು ಅವರನ್ನ ಮೇಷ್ಟ್ರು ಅಂತಲೇ ಕರೀತೀನಿ. "ನೋಡಪ್ಪ, ನನ್ನ ಮೊಮ್ಮಗಳು ನಿನ್ನ ಕಾರ್ಯಕ್ರಮ ಕೇಳಿಸಿದಳು. ಚೆನ್ನಾಗಿ ಮಾತಾಡ್ತೀಯ. ಆದರೆ ನಮಗೆ ಪಾಠ ಹೇಳಿದ ಗುರುಗಳ ಕೈಯಿಂದ ಮೈಸೂರು ಕಿತ್ಕೊಂಡು ಇನ್ನೊಬ್ಬರಿಗೆ ಕೊಟ್ಟುಬಿಟ್ಟೆಯಲ್ಲಪ್ಪ." ಅಷ್ಟೇ. ಬೈಲಿಲ್ಲ, ರೇಗಲಿಲ್ಲ. ಬೈದಿದ್ರೇ ವಾಸಿ ಇತ್ತು.

ಏನಾಗಿತ್ತು ಅಂದ್ರೆ, ಎಸ್. ಚಂದ್ರಶೇಖರ್ ಹೆಸರಿನ ಭೌತವಿಜ್ಞಾನಿಗಳು ಇಬ್ಬರು. ನಾನು ನೆಟ್‌ನಲ್ಲಿ ಹುಡುಕಿದಾಗ ಇಬ್ಬರ ವಿಷಯವೂ ಬಂದಿತ್ತು. ಎರಡನ್ನೂ ಕಲಸಿ ಒಬ್ಬರನ್ನೇ ಮಾಡಿಬಿಟ್ಟಿದ್ದೆ. ಮೈಸೂರಲ್ಲಿ ವಿಭಾಗ ನಡೆಸಿದವರೇ ಬೇರೆ, ನೊಬೆಲ್ ತಗೊಂಡವರೇ ಬೇರೆ.

ನಾನು ಓದಿದ್ದು ಬಿಕಾಂ. ಅಕೌಂಟ್ಸ್ ಪಾಠದಲ್ಲಿ ಇಂಥ ತಪ್ಪಿಗೆ ಒಂದು ಹೆಸರಿದೆ, ಎರರ್ ಆಫ್ ಕಮಿಷನ್. ಇಬ್ಬರು ಮಂಜುನಾಥರು ನಿಮ್ಮ ಅಂಗಡಿ ಗಿರಾಕಿಗಳು ಅಂದುಕೊಳ್ಳಿ. ಒಬ್ಬ ಕಟ್ಟಿದ 5,000 ರೂಪಾಯಿಯನ್ನ ಇನ್ನೊಬ್ಬನ ಖಾತೆಗೆ ಬರೆದುಬಿಟ್ರಿ. ತಿಂಗಳ ಕೊನೆಗೆ ಟ್ರಯಲ್ ಬ್ಯಾಲೆನ್ಸ್ ಹಾಕಿದ್ರೆ ಎರಡೂ ಕಡೆ ಪೈಸೆ ಬಿಡದೆ ತಾಳೆ ಆಗುತ್ತೆ! ಒಟ್ಟು ಮೊತ್ತ ಸರಿ ಇರೋದ್ರಿಂದ ಯಾರಿಗೂ ಗೊತ್ತಾಗಲ್ಲ. ದುಡ್ಡು ಕಟ್ಟಿದ ಮಂಜುನಾಥ ಬಂದು "ನನ್ನ ಲೆಕ್ಕ ಎಲ್ಲಿ?" ಅಂತ ಕೇಳೋವರೆಗೂ ಆ ತಪ್ಪು ಪುಸ್ತಕದಲ್ಲಿ ಆರಾಮಾಗಿ ಕೂತಿರುತ್ತೆ. ಇತಿಹಾಸದಲ್ಲಿ ಇನ್ನೊಂದು ಕಷ್ಟ ಇದೆ. ಎಷ್ಟೋ ಸಲ ಬಂದು ಕೇಳೋಕೆ ಆ ಮನುಷ್ಯರೇ ಇರಲ್ಲ.

ಹಾಗಾಗಿ ಇವತ್ತು ಚಂದ್ರಶೇಖರರ ಖಾತೆಗಳನ್ನ ಒಂದೊಂದಾಗಿ ತೆಗೆಯೋಣ. ಚಂದ್ರನನ್ನ ತಲೆ ಮೇಲೆ ಇಟ್ಟುಕೊಂಡವನು, ಅಂದ್ರೆ ಶಿವ. ಹೆಸರಿನ ಅರ್ಥ ಅಷ್ಟೇ. ಶಿವನ ಹೆಸರು, ಹಾಗಾಗಿ ನಮ್ಮ ಕಡೆ ಬೀದಿಗೊಬ್ಬರು ಸಿಗ್ತಾರೆ.

ಎಲ್ಲರಿಗೂ ಗೊತ್ತಿರೋ ಖಾತೆಯಿಂದ ಶುರು ಮಾಡೋಣ. ಸುಬ್ರಹ್ಮಣ್ಯನ್ ಚಂದ್ರಶೇಖರ್. ಹುಟ್ಟಿದ್ದು 1910ರಲ್ಲಿ, ಲಾಹೋರ್‌ನಲ್ಲಿ. ಓದಿದ್ದು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. 1930ರ ಜುಲೈ 31ರಂದು ಬಾಂಬೆಯಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟಾಗ ಅವರಿಗಿನ್ನೂ 19 ವರ್ಷ. ಹಡಗಿನಲ್ಲಿ ಕೂತು ಒಂದು ಲೆಕ್ಕ ಹಾಕಿದರು. ನಕ್ಷತ್ರದ ಇಂಧನ ಮುಗಿದಮೇಲೆ ಅದು ಕುಗ್ಗಿ ಬಿಳಿ ಕುಬ್ಜ ಆಗುತ್ತೆ. ಆದರೆ ಎಲ್ಲ ನಕ್ಷತ್ರಗಳಿಗೂ ಆ ನೆಮ್ಮದಿಯ ಕೊನೆ ಇಲ್ಲ. ಬಿಳಿ ಕುಬ್ಜದ ತೂಕಕ್ಕೆ ಒಂದು ಮಿತಿ ಇದೆ, ಅದನ್ನ ಮೀರಿದರೆ ಕುಸಿತ ನಿಲ್ಲಲ್ಲ. ಇವತ್ತು ನಾವು ಆ ಮಿತಿಯನ್ನ ಸೂರ್ಯನ ತೂಕದ ಸುಮಾರು 1.4 ಪಟ್ಟು ಅಂತೀವಿ. ಚಂದ್ರಶೇಖರ್ ಮಿತಿ ಅಂತಲೇ ಅದರ ಹೆಸರು.

1935ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯಲ್ಲಿ ಇದನ್ನ ಮಂಡಿಸಿದಾಗ, ಆ ಕಾಲದ ದೊಡ್ಡ ಖಗೋಳ ವಿಜ್ಞಾನಿ ಆರ್ಥರ್ ಎಡಿಂಗ್ಟನ್ ಎಲ್ಲರೆದುರು ಅದನ್ನ ಗೇಲಿ ಮಾಡಿದರು. 24 ವರ್ಷದ ಹುಡುಗ ಸುಮ್ಮನೆ ನಿಲ್ಲಬೇಕಾಯ್ತು. 1937ರಲ್ಲಿ ಅವರು ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯ ಸೇರಿದರು, ಜೀವನಪೂರ್ತಿ ಅಲ್ಲೇ ಉಳಿದರು. ನೊಬೆಲ್ ಬಂದಿದ್ದು 1983ರಲ್ಲಿ, ವಿಲಿಯಂ ಫೌಲರ್ ಜೊತೆ. ಆಗ ಅವರಿಗೆ 73. ತೀರಿಕೊಂಡಿದ್ದು 1995ರಲ್ಲಿ. ನಾಲ್ಕು ವರ್ಷ ಆದಮೇಲೆ ನಾಸಾ ಹಾರಿಸಿದ ಎಕ್ಸ್-ರೇ ದೂರದರ್ಶಕಕ್ಕೆ ಅವರ ನೆನಪಲ್ಲಿ 'ಚಂದ್ರ' ಅಂತ ಹೆಸರಿಟ್ಟರು.

ಈಗ ಮೇಷ್ಟ್ರು ಹೇಳಿದ ಗುರುಗಳು. ಮೇಲಿನ ಕಥೆಯಲ್ಲಿ ಆ ಹಡಗು ಇನ್ನೂ ಸಮುದ್ರದಲ್ಲಿದ್ದಾಗಲೇ, 1930ರ ಆಗಸ್ಟ್ 6ರಂದು, ಕಲ್ಕತ್ತದಲ್ಲಿ ಒಂದು ಮಗು ಹುಟ್ಟಿತು. ಶಿವರಾಮಕೃಷ್ಣ ಚಂದ್ರಶೇಖರ್. ಇಂಗ್ಲಿಷ್ ಪುಸ್ತಕಗಳಲ್ಲಿ ಈ ಇಬ್ಬರನ್ನೂ ಸಿ. ವಿ. ರಾಮನ್ ಅವರ 'ನೆಫ್ಯೂ' ಅಂತ ಬರೀತಾರೆ. ಅದೇ ಹೆಸರು, ಅದೇ ಇನಿಷಿಯಲ್, ಅದೇ ಸಬ್ಜೆಕ್ಟು, ಅದೇ ನೆಂಟಸ್ತಿಕೆ! ನಾನು ಮುಗ್ಗರಿಸಿದ್ದು ಅಲ್ಲೇ. ಕನ್ನಡದಲ್ಲಿ ಓದಿದ್ದಿದ್ರೆ ಬಹುಶಃ ಬಚಾವಾಗ್ತಿದ್ದೆ. ಯಾಕಂದ್ರೆ ನೊಬೆಲ್ ಚಂದ್ರಶೇಖರರ ತಂದೆ ರಾಮನ್ ಅವರ ಅಣ್ಣ, ಹಾಗಾಗಿ ಅವರಿಗೆ ರಾಮನ್ ಚಿಕ್ಕಪ್ಪ. ಈ ಚಂದ್ರಶೇಖರರ ತಾಯಿ ರಾಮನ್ ಅವರ ಸೋದರಿ, ಹಾಗಾಗಿ ಇವರಿಗೆ ರಾಮನ್ ಸೋದರಮಾವ. ಚಿಕ್ಕಪ್ಪನನ್ನೂ ಸೋದರಮಾವನನ್ನೂ ನಮ್ಮ ಅಜ್ಜಿ ಯಾವತ್ತಾದ್ರೂ ಕನ್ಫ್ಯೂಸ್ ಮಾಡ್ಕೊಳ್ತಿದ್ರಾ?

ಈ ಚಂದ್ರಶೇಖರ್ ನಾಗಪುರದಲ್ಲಿ ಎಂಎಸ್ಸಿ ಮುಗಿಸಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸೋದರಮಾವನ ಹತ್ತಿರವೇ ಸಂಶೋಧನೆ ಮಾಡಿದರು. ಆಮೇಲೆ ಕೇಂಬ್ರಿಡ್ಜ್, ಲಂಡನ್. 1961ರಲ್ಲಿ ವಾಪಸ್ ಬಂದು ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಆ ಹೊತ್ತಿಗೆ ಇನ್ನೊಬ್ಬರು ಶಿಕಾಗೋದಲ್ಲಿ ಪಾಠ ಮಾಡ್ತಾ 24 ವರ್ಷ ಆಗಿತ್ತು. 1971ರಲ್ಲಿ ಇವರು ರಾಮನ್ ಸಂಸ್ಥೆಗೆ ಮರಳಿ, ದ್ರವ ಸ್ಫಟಿಕಗಳ ಪ್ರಯೋಗಾಲಯ ಕಟ್ಟಿದರು.

ದ್ರವ ಸ್ಫಟಿಕ, ಅಂದ್ರೆ ಲಿಕ್ವಿಡ್ ಕ್ರಿಸ್ಟಲ್. ಎಲ್‌ಸಿಡಿಯಲ್ಲಿ ಬರೋ ಎಲ್ ಮತ್ತು ಸಿ ಇದೇ. ಸ್ಫಟಿಕದ ಅಣುಗಳು ಶಾಲೆಯ ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳ ಥರ, ಅಲ್ಲಾಡಂಗಿಲ್ಲ. ದ್ರವದ ಅಣುಗಳು ಲಾಂಗ್ ಬೆಲ್ ಹೊಡೆದಮೇಲಿನ ಮಕ್ಕಳ ಥರ, ಯಾರು ಎತ್ತ ಓಡ್ತಾರೋ ಗೊತ್ತಿಲ್ಲ. ಇವೆರಡರ ನಡುವೆ ಒಂದು ಸ್ಥಿತಿ ಇದೆ. ಜಾತ್ರೆಯಲ್ಲಿ ತೇರು ನೋಡೋಕೆ ನಿಂತ ಜನ ನೆನೆಸ್ಕೊಳ್ಳಿ. ನೂಕಾಡ್ತಾ ಜಾಗ ಬದಲಾಯಿಸ್ತಾನೇ ಇರ್ತಾರೆ, ಆದರೆ ಎಲ್ಲರ ಮುಖವೂ ತೇರಿನ ಕಡೆ. ಅದೇ ದ್ರವ ಸ್ಫಟಿಕ. ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಶ್ ರೈನಿಟ್ಜರ್ ಇದನ್ನ ಮೊದಲು ಗಮನಿಸಿದ್ದು 1888ರಲ್ಲಿ. ಅವರ ಹತ್ತಿರ ಇದ್ದ ಒಂದು ವಸ್ತು ಸುಮಾರು 145 ಡಿಗ್ರಿಗೆ ಕರಗಿ ಮಬ್ಬು ಮಬ್ಬಾದ ದ್ರವ ಆಯ್ತು, 178 ಡಿಗ್ರಿ ದಾಟಿದಮೇಲಷ್ಟೇ ತಿಳಿಯಾಯ್ತು. ಮಧ್ಯದ ಆ ಮಬ್ಬಿನಲ್ಲೇ ಗುಟ್ಟು ಇದ್ದಿದ್ದು.

ಅಲ್ಲಿಂದ ಸುಮಾರು 90 ವರ್ಷ, ಇಂಥ ಸ್ಥಿತಿಗೆ ಬರೋ ಅಣುಗಳು ಕಡ್ಡಿಯ ಹಾಗೆ ಉದ್ದಕ್ಕೆ ಇರಬೇಕು ಅಂತ ನಂಬಿಕೆ ಇತ್ತು. 1977ರಲ್ಲಿ ಚಂದ್ರಶೇಖರ್ ಮತ್ತು ಅವರ ಸಹೋದ್ಯೋಗಿಗಳಾದ ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಸೇರಿ ಬೇರೇನೇ ತೋರಿಸಿದರು. ಬಿಲ್ಲೆಯ ಹಾಗೆ ಚಪ್ಪಟೆಯಾದ ಅಣುಗಳೂ ದ್ರವ ಸ್ಫಟಿಕ ಆಗ್ತವೆ. ಕಂಡಕ್ಟರ್ ನಾಣ್ಯಗಳನ್ನ ಒಂದರ ಮೇಲೊಂದು ಪೇರಿಸ್ತಾರಲ್ಲ, ಆ ಥರ ಕಂಬ ಕಂಬವಾಗಿ ನಿಲ್ತವೆ. ಕೆಲಸ ನಡೆದಿದ್ದು ಬೆಂಗಳೂರಲ್ಲಿ. ಅದನ್ನ ಜಗತ್ತಿಗೆ ಹೇಳಿದ ಪತ್ರಿಕೆ 'ಪ್ರಮಾಣ', ಅದೂ ಬೆಂಗಳೂರಿನದ್ದೇ.

ಹಳೇ ಎಲ್‌ಸಿಡಿ ಪರದೆಯನ್ನ ಪಕ್ಕದಿಂದ ನೋಡಿದ್ರೆ ಬಣ್ಣ ಕೆಡ್ತಿತ್ತು, ನೆನಪಿದ್ಯಾ? ಅದನ್ನ ಸರಿಮಾಡೋಕೆ ಆಮೇಲೆ ಪರದೆಗೆ ಅಂಟಿಸಿದ ಒಂದು ತೆಳು ಹಾಳೆಯಲ್ಲಿ ಇಂಥ ಬಿಲ್ಲೆ ಆಕಾರದ ಅಣುಗಳನ್ನೇ ಬಳಸಿದರು. ನಿವೃತ್ತಿ ಆದಮೇಲೂ ಇವರು ಸುಮ್ಮನೆ ಕೂರಲಿಲ್ಲ. 1991ರಲ್ಲಿ, ಬಿಇಎಲ್ ಸಂಸ್ಥೆಯ ನೆರವಿನಿಂದ, ಜಾಲಹಳ್ಳಿಯಲ್ಲಿ ದ್ರವ ಸ್ಫಟಿಕಗಳಿಗೇ ಮೀಸಲಾದ ಒಂದು ಸಂಶೋಧನಾ ಕೇಂದ್ರ ಶುರು ಮಾಡಿದರು. ಅದು ಈಗ ನ್ಯಾನೋ ಮತ್ತು ಮೃದು ವಸ್ತುಗಳ ವಿಜ್ಞಾನ ಕೇಂದ್ರವಾಗಿ ಬೆಳೆದಿದೆ. 2004ರಲ್ಲಿ ತೀರಿಕೊಂಡರು.

ಇನ್ನೊಂದು ತಮಾಷೆ ನೋಡಿ. ಲಂಡನ್ನಿನ ರಾಯಲ್ ಸೊಸೈಟಿ ಕೊಡೋ ರಾಯಲ್ ಮೆಡಲ್ 1962ರಲ್ಲಿ ಶಿಕಾಗೋದ ಎಸ್. ಚಂದ್ರಶೇಖರ್‌ಗೆ ಬಂತು, 1994ರಲ್ಲಿ ಬೆಂಗಳೂರಿನ ಎಸ್. ಚಂದ್ರಶೇಖರ್‌ಗೂ ಬಂತು. 1983ರಲ್ಲಿ ಅವರಿಗೆ ನೊಬೆಲ್ ಬಂದ ವರ್ಷವೇ ಇವರು ರಾಯಲ್ ಸೊಸೈಟಿಯ ಫೆಲೋ ಆದರು. ಅದೇ 1983ರಲ್ಲಿ ಕನ್ಯಾಕುಮಾರಿಯಿಂದ ದೆಹಲಿಗೆ ಪಾದಯಾತ್ರೆ ಮಾಡಿದ ಮೂರನೇ ಚಂದ್ರಶೇಖರ್, 1990ರಲ್ಲಿ ದೇಶದ ಪ್ರಧಾನಿಯಾದರು. ಬರೀ ಹೆಸರು ಮತ್ತು ಇಸವಿ ಕೊಟ್ಟು ಹುಡುಕಿದ್ರೆ ಯಾರ ಫೋಟೋ ಬರುತ್ತೋ ನೀವೇ ನೋಡಿ.

ಹಾಗಾದ್ರೆ ಒಂದೇ ಹೆಸರಿನ ಬೇರೆಯವರು ಹೇಗೆ ಬಚಾವಾದರು?

ಕ್ರಿಕೆಟಿಗ ಚಂದ್ರಶೇಖರ್ ಗೊತ್ತಲ್ಲ, ಮೈಸೂರಲ್ಲಿ 1945ರಲ್ಲಿ ಹುಟ್ಟಿದ ಭಾಗವತ್ ಸುಬ್ರಮಣ್ಯ ಚಂದ್ರಶೇಖರ್. ಚಿಕ್ಕವರಿದ್ದಾಗ ಪೋಲಿಯೋ ಬಂದು ಬಲಗೈ ಸಣಕಲಾಯ್ತು. ಆ ಕೈಯಲ್ಲೇ ಬೌಲಿಂಗ್ ಮಾಡಿ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ತೆಗೆದರು. ಚೆಂಡು ಎಸೆಯೋದು ಮಾತ್ರ ಎಡಗೈಯಲ್ಲಿ. ಬ್ಯಾಟಿಂಗಲ್ಲಿ ಗಳಿಸಿದ ಒಟ್ಟು ರನ್ 167, ಅಂದ್ರೆ ತೆಗೆದ ವಿಕೆಟ್‌ಗಿಂತ ಕಮ್ಮಿ! 1971ರಲ್ಲಿ ಓವಲ್‌ನಲ್ಲಿ 38 ರನ್ ಕೊಟ್ಟು 6 ವಿಕೆಟ್ ಕಿತ್ತು ಇಂಗ್ಲೆಂಡನ್ನ 101ಕ್ಕೆ ಮುಗಿಸಿದರು. ಆ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು. ಮುಂದೆ ತಮಿಳುನಾಡಿನ ಓಪನರ್ ವಿ. ಬಿ. ಚಂದ್ರಶೇಖರ್ ಭಾರತಕ್ಕೆ 7 ಏಕದಿನ ಪಂದ್ಯ ಆಡಿದರು. ಆದರೆ ಸ್ಕೋರ್‌ಬೋರ್ಡ್ ಇನಿಷಿಯಲ್ ಬಿಡಲ್ಲ. ಬಿ. ಎಸ್. ವಿಕೆಟ್ಟು ವಿ. ಬಿ. ಖಾತೆಗೆ ಹೋಗೋ ಮಾತೇ ಇಲ್ಲ.

ಸಾಹಿತ್ಯದಲ್ಲಿ, ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು. 'ಜೋಕುಮಾರಸ್ವಾಮಿ' ನಾಟಕ ಬರೆದವರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ, 2010ನೇ ಸಾಲಿನ ಜ್ಞಾನಪೀಠ ಅವರದ್ದು. ಇವರನ್ನ ಕಾಪಾಡಿದ್ದು ಮನೆತನದ ಕಸುಬಿನ ಹೆಸರು. ಕಂಬಾರ ಅಂದ್ರೆ ಸಾಕು, ಯಾರು ಅಂತ ಗೊತ್ತಾಗುತ್ತೆ. 'ಸಂಕ್ರಮಣ' ಪತ್ರಿಕೆ ನಡೆಸಿದ ಚಂದ್ರಶೇಖರ ಪಾಟೀಲರು ಎರಡೇ ಅಕ್ಷರದಲ್ಲಿ ಕೆಲಸ ಮುಗಿಸಿದರು: ಚಂಪಾ.

ಒಬ್ಬರಿಗೆ ಇನಿಷಿಯಲ್, ಒಬ್ಬರಿಗೆ ಕಸುಬಿನ ಹೆಸರು, ಒಬ್ಬರಿಗೆ ಕಾವ್ಯನಾಮ. ದ್ರವ ಸ್ಫಟಿಕದ ಚಂದ್ರಶೇಖರರಿಗೆ ಇದ್ಯಾವುದೂ ಕೆಲಸಕ್ಕೆ ಬರಲಿಲ್ಲ. 'ಎಸ್' ಅನ್ನೋ ಒಂದಕ್ಷರದ ಹಿಂದೆ ಶಿವರಾಮಕೃಷ್ಣ ಇದ್ದಾರೆ ಅಂತ ನಾನು ಬಿಡಿಸಿ ನೋಡಲಿಲ್ಲ. ದೊಡ್ಡ ಖಾತೆ ಕಣ್ಣಿಗೆ ಬಿತ್ತು, ಸಿಕ್ಕಿದ್ದನ್ನೆಲ್ಲ ಅಲ್ಲಿಗೇ ಬರೆದೆ. ಇದರಿಂದ ನೊಬೆಲ್ ಚಂದ್ರಶೇಖರರಿಗೆ ಏನೂ ಲಾಭ ಆಗಲಿಲ್ಲ, ಅವರಿಗೆ ಅದು ಬೇಕಾಗೂ ಇರಲಿಲ್ಲ. ಮೈಸೂರಿನ ಒಂದು ಕ್ಲಾಸ್‌ರೂಮಲ್ಲಿ ಕೂತಿದ್ದ ಹುಡುಗರ ಗುರುಗಳು ಮಾತ್ರ ನನ್ನ ಎಪಿಸೋಡಿನಿಂದ ಮಾಯ ಆದರು. ಅದನ್ನ ಕೇಳಿ ನೀವೆಲ್ಲ ಅದೇ ಸರಿ ಅಂದುಕೊಂಡ್ರಿ.

ಅಕೌಂಟ್ಸ್‌ನಲ್ಲಿ ತಪ್ಪು ಬರೆದದ್ದನ್ನ ಉಜ್ಜಿ ಅಳಿಸೋ ಹಾಗಿಲ್ಲ. ತಿದ್ದುಪಡಿ ಎಂಟ್ರಿ ಹಾಕಬೇಕು, ಯಾಕೆ ಅಂತ ಕೆಳಗೆ ಬರೀಬೇಕು. ಅದಕ್ಕೇ ಹಳೇ ಎಪಿಸೋಡನ್ನ ಡಿಲೀಟ್ ಮಾಡಿಲ್ಲ, ಅದರ ಡಿಸ್ಕ್ರಿಪ್ಷನ್‌ನಲ್ಲಿ ತಪ್ಪು ಒಪ್ಪಿಕೊಂಡಿದ್ದೀನಿ. ಇಲ್ಲೂ ಹಾಕ್ತೀನಿ, ಕೇಳಿ. ಸುಬ್ರಹ್ಮಣ್ಯನ್ ಚಂದ್ರಶೇಖರ್ ಖಾತೆಗೆ ಡೆಬಿಟ್: ಮೈಸೂರು ವಿಶ್ವವಿದ್ಯಾಲಯ, 1961ರಿಂದ 1971. ಶಿವರಾಮಕೃಷ್ಣ ಚಂದ್ರಶೇಖರ್ ಖಾತೆಗೆ ಕ್ರೆಡಿಟ್: ಅದೇ ಮೈಸೂರು, ಅದೇ ಹತ್ತು ವರ್ಷ. ಕಾರಣ: ನಾನು ಪೂರ್ತಿ ಹೆಸರು ಓದಲಿಲ್ಲ.

ರೆಕಾರ್ಡ್ ಮಾಡೋ ಮುಂಚೆ ಈ ಸ್ಕ್ರಿಪ್ಟನ್ನ ಮೇಷ್ಟ್ರಿಗೆ ಫೋನಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆ ಜಾತ್ರೆ ಉದಾಹರಣೆ ಪರವಾಗಿಲ್ಲಪ್ಪ" ಅಂದರು. "ಮುಂದಿನ ಸಲ ಮೊದಲೇ ಫೋನ್ ಮಾಡು."

ಮಾಡ್ತೀನಿ ಸರ್. ಕೇಳ್ತಿರೋ ನಿಮಗೂ ಅದೇ ಮಾತು. ನಾನು ಯಾರದ್ದಾದ್ರೂ ಲೆಕ್ಕ ಇನ್ಯಾರದೋ ಖಾತೆಗೆ ಬರೆದಿದ್ರೆ, ಒಂದು ಮೆಸೇಜ್ ಹಾಕಿ. ಮುಂದಿನ ವಾರ ಸಿಗೋಣ.